ಯಾಕೆ ಹಾಗೆ ಆರಿಸಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ತುಮಕೂರಿನಲ್ಲಿ ಕಾಲೇಜು ಮಕ್ಕಳ ಆಪ್ತ ಸಮಾಲೋಚಕಿ. ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಒಗ್ಗರಣೆಗೆ ಹೆಚ್ಚುತ್ತಿರುವ ಅಮ್ಮಂದಿರು, ಅಂಗಡಿಯಲ್ಲಿ ಕೂತಿರುವ ಅಪ್ಪಂದಿರು, ಇವತ್ತಿನ ಮಾತು ನಿಮಗೇ. ನನ್ನ ಹತ್ತಿರ ಬರುವ ತಂದೆ ತಾಯಂದಿರ ದೂರು ಒಂದೇ. 'ಯಾವಾಗ ನೋಡಿದ್ರೂ ಗೇಮ್, ಮೇಡಂ.' ಯಾವ ಗೇಮ್ ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ. ಏನು ಆಡುತ್ತಾನೆ ಅಂತಲೇ ಗೊತ್ತಿಲ್ಲದೆ ಬೈದರೆ ಅವನು ಯಾಕೆ ಕೇಳುತ್ತಾನೆ ಹೇಳಿ?

ಹಾಗಾಗಿ ನಾನು ಹೇಳುವುದು ಒಂದೇ ಮಾತು. ಮಕ್ಕಳು ಆಡುವಾಗ ಪಕ್ಕದಲ್ಲಿ ಕೂತ್ಕೊಳ್ಳಿ. ಅವರು ಏನಾದರೂ ಆರಿಸಿದಾಗ 'ಯಾಕೆ ಹಾಗೆ ಆರಿಸಿದೆ?' ಅಂತ ಕೇಳಿ. ಅಷ್ಟೇ.

ಗೇಮ್ ಅಂದರೆ ಗುಂಡು ಹೊಡೆಯುವುದು, ಕಾರು ಓಡಿಸುವುದು ಅಂದುಕೊಂಡಿದ್ದೀರಿ. ಎಲ್ಲವೂ ಹಾಗಲ್ಲ. ಟಿ.ವಿ. ಧಾರಾವಾಹಿಯ ಹಾಗೆ ಕಂತು ಕಂತಾಗಿ ಬರುವ ಕಥೆಯ ಗೇಮ್‌ಗಳಿವೆ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು 'ಲೈಫ್ ಈಸ್ ಸ್ಟ್ರೇಂಜ್'. ಪ್ಯಾರಿಸ್ಸಿನ ಡೋಂಟ್‌ನಾಡ್ ಎಂಬ ಸಂಸ್ಥೆ ಮಾಡಿದ್ದು. 2015ರ ಜನವರಿಯಿಂದ ಅಕ್ಟೋಬರ್‌ವರೆಗೆ ಐದು ಕಂತುಗಳಲ್ಲಿ ಬಂತು.

ಕಥೆ ನಡೆಯುವುದು ಅಮೆರಿಕದ ಆರಿಗನ್ ರಾಜ್ಯದ ಆರ್ಕೇಡಿಯಾ ಬೇ ಎಂಬ ಕಡಲತೀರದ ಊರಿನಲ್ಲಿ. ಅದು ಕಲ್ಪನೆಯ ಊರು. ಮ್ಯಾಕ್ಸ್ ಅಂತ 18 ವರ್ಷದ ಹುಡುಗಿ. ಫೋಟೋಗ್ರಫಿ ಕಲಿಯಲು ಹುಟ್ಟಿದೂರಿಗೆ ವಾಪಸ್ ಬಂದು ಹಾಸ್ಟೆಲ್‌ನಲ್ಲಿ ಇರುತ್ತಾಳೆ. ಚಿಕ್ಕಂದಿನ ಗೆಳತಿ ಕ್ಲೋಯಿ ಸಿಗುತ್ತಾಳೆ, ಆದರೆ ಅವಳಿಗೆ ಕೋಪ. ಕ್ಲೋಯಿಯ ಅಪ್ಪ ಕಾರು ಅಪಘಾತದಲ್ಲಿ ತೀರಿಕೊಂಡ ಕಷ್ಟದ ಕಾಲದಲ್ಲೇ ಮ್ಯಾಕ್ಸ್ ಊರು ಬಿಟ್ಟು ಹೋದವಳು, ಐದು ವರ್ಷ ಸುದ್ದಿಯೇ ಇಲ್ಲ. ಇಂಥ ಮ್ಯಾಕ್ಸ್‌ಗೆ ಒಂದು ದಿನ ಕಾಲವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸುವ ಶಕ್ತಿ ಬರುತ್ತದೆ. ಆಡಿದ ಮಾತು ಸರಿಹೋಗಲಿಲ್ವಾ, ಹಿಂದಕ್ಕೆ ಹೋಗಿ ಬೇರೆ ಮಾತು ಆಡಬಹುದು. ಮ್ಯಾಕ್ಸ್ ಏನು ಹೇಳಬೇಕು, ಯಾರ ಪರ ನಿಲ್ಲಬೇಕು ಅಂತ ಆರಿಸುವುದು ಆಡುವವರು.

ಈಗ ನನ್ನ ತಂಗಿಯ ಮಗನ ವಿಷಯ ಹೇಳಬೇಕು. ಬಟವಾಡಿಯಲ್ಲಿ ಅವರ ಮನೆ. ಡಿಗ್ರಿ ಮೊದಲ ವರ್ಷ. ಒಂದು ಭಾನುವಾರ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಇದರ ಎರಡನೇ ಕಂತು ಆಡುತ್ತಿದ್ದ. ನಾನೂ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂತೆ.

ಮ್ಯಾಕ್ಸ್‌ನ ಹಾಸ್ಟೆಲ್‌ನಲ್ಲಿ ಕೇಟ್ ಅಂತ ಒಬ್ಬ ಹುಡುಗಿ. ದೇವರು, ಪ್ರಾರ್ಥನೆ ಅಂತ ಇರುವ ಮೆದು ಸ್ವಭಾವದವಳು. ಪಾರ್ಟಿಯೊಂದರಲ್ಲಿ ಅವಳಿಗೆ ಯಾರೋ ಮತ್ತಿನ ಔಷಧಿ ಕೊಟ್ಟಿದ್ದಾರೆ. ಆಗಿನ ವಿಡಿಯೋ ಎಲ್ಲರ ಕೈಗೂ ಸಿಕ್ಕಿದೆ. ಕಾರಿಡಾರಿನಲ್ಲಿ ಎಲ್ಲರೂ ನಗುತ್ತಾರೆ. ಮ್ಯಾಕ್ಸ್ ಓದಲು ಕೊಟ್ಟಿದ್ದ ಪುಸ್ತಕ ವಾಪಸ್ ತರಲು ನಮ್ಮ ಹುಡುಗ ಗೇಮ್‌ನಲ್ಲಿ ಕೇಟ್‌ಳ ರೂಮಿಗೆ ಹೋದ. ಪುಸ್ತಕ ಎತ್ತಿಕೊಂಡು ಬರಬಹುದಿತ್ತು. ಅವನು ಒಂದೊಂದನ್ನೇ ನೋಡುತ್ತಾ ನಿಂತ. ಗೂಡಿನಲ್ಲಿರುವ ಮೊಲ, ವಯಲಿನ್, ಮನೆಯವರ ಫೋಟೋ. 'ಬೇಗ ಮುಂದೆ ಹೋಗೋ' ಅಂದೆ. 'ಇರಿ ದೊಡ್ಡಮ್ಮ' ಅಂದ.

ಆಮೇಲೆ ಮ್ಯಾಕ್ಸ್ ಹೋಟೆಲ್‌ನಲ್ಲಿ ಕ್ಲೋಯಿ ಜೊತೆ ಕೂತಿರುವಾಗ ಫೋನ್ ಬರುತ್ತದೆ. ಕೇಟ್‌ಳದು. ಎತ್ತಬೇಕಾ, ಬಿಡಬೇಕಾ? ನಮ್ಮ ಹುಡುಗ ಎತ್ತಲಿಲ್ಲ.

'ಯಾಕೋ ಎತ್ತಲಿಲ್ಲ?'

'ಕ್ಲೋಯಿ ಬೇಜಾರ್ ಮಾಡ್ಕೋತಾಳೆ.'

ನೋಡಿ, ಒಂದೇ ಪ್ರಶ್ನೆ. ಜೊತೆಗಿರುವ ಗೆಳೆಯರಿಗೆ ಬೇಜಾರಾಗಬಾರದು ಅಂತ ಈ ವಯಸ್ಸಿನ ಮಕ್ಕಳು ಏನೇನು ಬಿಟ್ಟುಕೊಡುತ್ತಾರೆ ಅಂತ ನನಗೆ ಅಲ್ಲೇ ಗೊತ್ತಾಯಿತು.

ಕಂತಿನ ಕೊನೆಗೆ ಕೇಟ್ ಹಾಸ್ಟೆಲ್‌ನ ಛಾವಣಿ ಮೇಲೆ ನಿಂತಿದ್ದಾಳೆ. ಬದುಕು ಸಾಕು ಅನ್ನಿಸಿದೆ. ಮ್ಯಾಕ್ಸ್ ಓಡಿ ಬರುತ್ತಾಳೆ. ಅಲ್ಲಿ ಅವಳ ಶಕ್ತಿ ಕೆಲಸ ಮಾಡುವುದಿಲ್ಲ. ಒಂದು ಸಲ ಆಡಿದ ಮಾತು ಆಡಿದ್ದೇ. ಇವನು ಹಿಂದಕ್ಕೆ ತಿರುಗಿಸುವ ಗುಂಡಿ ಒತ್ತಿದ. ಆಗಲಿಲ್ಲ. ಮತ್ತೆ ಒತ್ತಿದ. 'ಅಯ್ಯೋ, ಫೋನ್ ಎತ್ತಬೇಕಿತ್ತು' ಅಂತ ಬೆನ್ನು ನೆಟ್ಟಗೆ ಮಾಡಿ ಕೂತ. ಕೊನೆಕೊನೆಗೆ ಗೇಮ್ ಕೇಳುತ್ತದೆ, ಮನೆಯಲ್ಲಿ ಯಾರ ನೆನಪು ತಂದರೆ ಕೇಟ್‌ಳ ಮನಸ್ಸು ತಿರುಗುತ್ತದೆ? ನಾನಾಗಿದ್ದರೆ ಅಮ್ಮ ಅನ್ನುತ್ತಿದ್ದೆ. ಅವನು ಅಪ್ಪ ಅಂತ ಆರಿಸಿದ. ಅದು ಸರಿಯಾಯಿತು. ಅಮ್ಮ ಅಂದಿದ್ದರೆ ತಪ್ಪಾಗುತ್ತಿತ್ತು, ಆ ಮನೆಯಲ್ಲಿ ಅಮ್ಮ ಬಹಳ ಕಟ್ಟುನಿಟ್ಟು. ಕೇಟ್ ಇಳಿದು ಬಂದಳು.

'ಯಾಕೆ ಅಪ್ಪ ಅಂದೆ?' ಅಂತ ಕೇಳಿದೆ.

'ಅವಳ ರೂಮಿನಲ್ಲಿ ಎಲ್ಲ ನೋಡಿದ್ದೆನಲ್ಲ.'

ನನ್ನ ಕಾಫಿ ಆರಿಹೋಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನಾಗಿಯೇ ಹೇಳಿದ. ಕ್ಲಾಸಿನ ಒಬ್ಬ ಹುಡುಗ ಕಾಲೇಜ್ ಡೇ ದಿನ ಹಾಡು ಮರೆತು ಸ್ಟೇಜ್ ಮೇಲೆ ಅತ್ತುಬಿಟ್ಟನಂತೆ. ಆ ವಿಡಿಯೋ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಿದೆ. 'ನಾನೂ ಫಾರ್ವರ್ಡ್ ಮಾಡಿದ್ದೆ ದೊಡ್ಡಮ್ಮ. ಅವನು ಈಗ ಕ್ಲಾಸಿಗೇ ಬರ್ತಿಲ್ಲ.' ಮನೆ ಎಲ್ಲಿ ಅಂತ ಕೇಳಿದೆ. ಗುಬ್ಬಿ ಅಂದ. ಮಾರನೇ ದಿನ ಕಾಲೇಜು ಮುಗಿಸಿ ಗುಬ್ಬಿ ಬಸ್ಸು ಹತ್ತಿದ.

ಮನೆಯವರು ಎಷ್ಟು ವಿಚಾರಿಸಿದರೂ ಬಾರದ ಮಾತು ಇದು. ಪಕ್ಕದಲ್ಲಿ ಕೂತಿದ್ದಕ್ಕೆ ಬಂತು. ನಾನು ಉಪದೇಶ ಮಾಡಲಿಲ್ಲ, ಫೋನ್ ಕಿತ್ತುಕೊಳ್ಳಲಿಲ್ಲ. 'ಯಾಕೆ ಹಾಗೆ ಆರಿಸಿದೆ?' ಅಂತ ಕೇಳಿದೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೂರನೇ ಕಂತಿನಲ್ಲಿ ಮ್ಯಾಕ್ಸ್ ಹಳೆಯ ಫೋಟೋ ಒಂದರ ಮೂಲಕ ಹಿಂದಕ್ಕೆ ಹೋಗಿ ಕಾರಿನ ಕೀ ಬಚ್ಚಿಡುತ್ತಾಳೆ. ಕ್ಲೋಯಿಯ ಅಪ್ಪ ಅಪಘಾತದಿಂದ ಉಳಿಯುತ್ತಾರೆ. ಆದರೆ ಹೊಸ ಬದುಕಿನಲ್ಲಿ ಕ್ಲೋಯಿಯೇ ಅಪಘಾತಕ್ಕೆ ಸಿಕ್ಕಿ ಗಾಲಿಕುರ್ಚಿಯಲ್ಲಿರುತ್ತಾಳೆ. ಮಕ್ಕಳು ಇಲ್ಲಿ ಗಟ್ಟಿಯಾಗಿ ಅಳುತ್ತಾರೆ, ಅಳಲಿ ಬಿಡಿ. ಕೊನೆಯ ಕಂತಿನಲ್ಲಿ ಗೆಳತಿಯನ್ನು ಉಳಿಸುವುದಾ, ಊರನ್ನು ಉಳಿಸುವುದಾ ಅಂತ ಕೇಳುತ್ತದೆ. ಎಲ್ಲರೂ ಅದರ ಬಗ್ಗೆಯೇ ಜಗಳ ಆಡುತ್ತಾರೆ. ನನಗೆ ಆ ಫೋನ್ ಕರೆಯೇ ದೊಡ್ಡದು. ಅಂಥದ್ದು ನಮ್ಮ ಮಕ್ಕಳಿಗೆ ದಿನಾ ಬರುತ್ತದೆ.

ಪ್ರತಿ ಕಂತು ಮುಗಿದ ಮೇಲೆ, ಪ್ರಪಂಚದಲ್ಲಿ ನೂರಕ್ಕೆ ಎಷ್ಟು ಜನ ಏನು ಆರಿಸಿದರು ಅಂತ ತೋರಿಸುತ್ತದೆ. ಅಲ್ಲಿ ನಿಲ್ಲಿಸಿ, ಮಾತಾಡಿಸಿ. ಗೇಮ್ ಇಂಗ್ಲಿಷಿನಲ್ಲಿದೆ, ನಿಮಗೆ ಗೊತ್ತಾಗದಿದ್ದರೆ ಮಗಳ ಹತ್ತಿರ ಕಥೆ ಹೇಳಿಸಿಕೊಳ್ಳಿ, ಅದೂ ಒಳ್ಳೆಯದೇ. ಚಿಕ್ಕ ಮಕ್ಕಳಿಗೆ ಬೇಡ. ಯುರೋಪಿನಲ್ಲಿ 16 ತುಂಬಿದವರಿಗೆ, ಅಮೆರಿಕದಲ್ಲಿ 17 ತುಂಬಿದವರಿಗೆ ಅಂತ ಇಟ್ಟಿದ್ದಾರೆ.

ಪಕ್ಕದಲ್ಲಿ ಕೂತಾಗ ಮಗುವಿನ ಬಾಯಲ್ಲಿ 'ನಂಗೂ ಸಾಕಾಗಿದೆ' ಅನ್ನುವಂಥ ಮಾತು ಬಂದರೆ ತಮಾಷೆ ಅಂತ ತಳ್ಳಿಹಾಕಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬರೆದುಕೊಳ್ಳಿ: 14416. ಇನ್ನೊಂದು ಸಲ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು.

ನಮಸ್ಕಾರ.