ಊರಲ್ಲಿ ಅಮ್ಮನನ್ನು ನೋಡಿಕೊಳ್ಳಲು ಸಂಬಳದ ರಜೆ: ವಾಷಿಂಗ್ಟನ್‌ನಲ್ಲಿ ಪಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸ್ಕ್ರೀನ್ ಮೇಲೆ ಕಾಣುತ್ತಿರುವುದು ನನ್ನ ಪೇ ಸ್ಲಿಪ್. ಹೆಸರು, ಮೊತ್ತ ಮುಚ್ಚಿದ್ದೇನೆ. ಕೆಳಗಡೆ ಒಂದು ಸಾಲು ನೋಡಿ, ಪಿಎಫ್‌ಎಂಎಲ್ ಅಂತ ಇದೆ. ಪೇಯ್ಡ್ ಫ್ಯಾಮಿಲಿ ಆಂಡ್ ಮೆಡಿಕಲ್ ಲೀವ್. ವಾಷಿಂಗ್ಟನ್ ರಾಜ್ಯದಲ್ಲಿ ಕೆಲಸ ಮಾಡುವವರ ಸಂಬಳದಿಂದ ಪ್ರತಿ ಸಲ ಕಟ್ ಆಗುವ ದುಡ್ಡು ಇದು.

ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಇರುವ ನಮ್ಮವರಲ್ಲಿ ಮಗು ಹುಟ್ಟಿದಾಗ ಈ ರಜೆ ತೆಗೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆದರೆ ಊರಲ್ಲಿ ಅಪ್ಪ ಅಮ್ಮ ಹಾಸಿಗೆ ಹಿಡಿದಾಗಲೂ ಇದೇ ರಜೆ ಸಿಗುತ್ತದೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಉಳಿದಿರುವ ವೆಕೇಶನ್ ಎಣಿಸಿಕೊಂಡು ಎರಡು ವಾರಕ್ಕೆ ಓಡಿ ಹೋಗುತ್ತಾರೆ. ಅಮ್ಮ ಇನ್ನೂ ಎದ್ದು ಕೂತಿರುವುದಿಲ್ಲ, ಆಗಲೇ ಇವರ ವಾಪಸ್ ಫ್ಲೈಟ್ ಬಂದಿರುತ್ತದೆ. ಇದನ್ನು ನೋಡಿ ನೋಡಿ ಸಂಕಟವಾಗಿಯೇ ಈ ವಿಡಿಯೋ ಮಾಡುತ್ತಿದ್ದೇನೆ.

ಕಳೆದ ವರ್ಷ ಹಾಸನದಲ್ಲಿ ನಮ್ಮಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಆಮೇಲೆ ನಿಜವಾದ ಕೆಲಸ ಶುರು. ರಾತ್ರಿ ಎಬ್ಬಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋಗಬೇಕು, ವಾಕರ್ ಹಿಡಿದು ನಡೆಸಬೇಕು, ಫಿಸಿಯೋಥೆರಪಿಸ್ಟ್ ಬಂದಾಗ ಪಕ್ಕದಲ್ಲಿ ನಿಂತು ಧೈರ್ಯ ಹೇಳಬೇಕು. ಅಪ್ಪನಿಗೂ ವಯಸ್ಸಾಗಿದೆ. ಎಷ್ಟು ಅಂತ ಮಾಡುತ್ತಾರೆ ಅವರು?

ಈ ಕಾನೂನಿನ ಪ್ರಕಾರ ಇದೆಲ್ಲವೂ ಆರೈಕೆ. ಮೈಯ ಆರೈಕೆ ಮಾತ್ರ ಅಲ್ಲ, ಮನಸ್ಸಿಗೆ ಧೈರ್ಯ ಕೊಡುವುದೂ ಲೆಕ್ಕಕ್ಕೆ ಬರುತ್ತದೆ. ಕಾಯಿಲೆಯವರು ಅಮೆರಿಕದಲ್ಲೇ ಇರಬೇಕು ಅಂತಲೂ ಇಲ್ಲ. ಹಾಸನದಲ್ಲಿದ್ದರೂ ಆಯಿತು, ಕೊಪ್ಪಳದಲ್ಲಿದ್ದರೂ ಆಯಿತು.

ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಒಂದು ಕಾನೂನು 1993ರಿಂದ ಇದೆ, ಎಫ್‌ಎಂಎಲ್‌ಎ. 12 ವಾರ ರಜೆ ಕೊಡುತ್ತದೆ, ಆದರೆ ಸಂಬಳ ಇಲ್ಲ. ಬಾಡಿಗೆ, ಮನೆ ಸಾಲ ಇರುವವರು 12 ವಾರ ಸಂಬಳ ಇಲ್ಲದೆ ಹೇಗೆ ಇರುತ್ತಾರೆ ಹೇಳಿ. ಅದಕ್ಕೇ ಕೆಲವು ರಾಜ್ಯಗಳು ತಮ್ಮದೇ ಯೋಜನೆ ಮಾಡಿಕೊಂಡವು. ಕ್ಯಾಲಿಫೋರ್ನಿಯಾ ಮೊದಲು, 2004ರಲ್ಲಿ. ನಮ್ಮ ವಾಷಿಂಗ್ಟನ್‌ನಲ್ಲಿ 2017ರಲ್ಲಿ ಕಾನೂನು ಆಯಿತು, 2019ರಿಂದ ಸಂಬಳದಲ್ಲಿ ಕಟ್ ಮಾಡಲು ಶುರು ಮಾಡಿದರು, 2020ರ ಜನವರಿಯಿಂದ ಜನರಿಗೆ ದುಡ್ಡು ಸಿಗತೊಡಗಿತು. ಟೆಕ್ಸಾಸ್‌ನಲ್ಲಿ ಇಂಥದ್ದು ಇಲ್ಲ. ಡಾಲಸ್‌ನಲ್ಲಿರುವ ನನ್ನ ಗೆಳತಿ ಅವರ ತಂದೆಗೆ ಹುಷಾರಿಲ್ಲದಾಗ ಪಟ್ಟ ಪಾಡು ನೆನೆಸಿಕೊಂಡರೆ ಬೇಜಾರಾಗುತ್ತದೆ.

ಅಪ್ಪ ಫ್ಯಾಕ್ಟರಿಯಲ್ಲಿ ದುಡಿದವರು. ಅವರಿಗೆ ಇದನ್ನು ವಿವರಿಸುವಾಗ, "ಇಎಸ್‌ಐ ತರಹ ಅಪ್ಪಾ" ಅಂದೆ. ತಕ್ಷಣ ಅರ್ಥವಾಯಿತು. ಇಎಸ್‌ಐನಲ್ಲಿ ಕಾರ್ಮಿಕರು ಸಂಬಳದ ಶೇ. 0.75, ಮಾಲೀಕರು ಶೇ. 3.25 ಕಟ್ಟುತ್ತಾರೆ. ಹುಷಾರು ತಪ್ಪಿದರೆ ವರ್ಷಕ್ಕೆ 91 ದಿನದವರೆಗೆ ಶೇ. 70ರಷ್ಟು ಸಂಬಳ ಬರುತ್ತದೆ. ಆದರೆ ಅದು ನಮಗೇ ಹುಷಾರಿಲ್ಲದಾಗ ಮಾತ್ರ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಮ್ಮನಿಗೆ ಲಕ್ವ ಹೊಡೆದಾಗ ಇಂಥದ್ದು ಇದ್ದಿದ್ದರೆ" ಅಂದರು. ಅಜ್ಜಿಯನ್ನು ನೋಡಿಕೊಳ್ಳಲು ಅವರು ಲಾಸ್ ಆಫ್ ಪೇ ಮೇಲೆ ಮನೆಯಲ್ಲಿದ್ದ ದಿನಗಳು ನನಗೂ ನೆನಪಿವೆ.

ಈಗ ದುಡ್ಡಿನ ವಿಚಾರ. 2026ರಲ್ಲಿ ಇಲ್ಲಿ ಪ್ರೀಮಿಯಂ ಸಂಬಳದ ಶೇ. 1.13. ಅದರಲ್ಲಿ ಹೆಚ್ಚು ಪಾಲು ನಮ್ಮದೇ. ಸಾವಿರ ಡಾಲರ್ ಸಂಬಳಕ್ಕೆ ಸುಮಾರು 8 ಡಾಲರ್ ನಮ್ಮಿಂದ ಹೋಗುತ್ತದೆ. ರಜೆಯಲ್ಲಿ ವಾರಕ್ಕೆ ಗರಿಷ್ಠ 1,647 ಡಾಲರ್ ಬರುತ್ತದೆ. ಸಂಬಳ ಕಡಿಮೆ ಇರುವವರಿಗೆ ಶೇ. 90ರವರೆಗೆ ವಾಪಸ್ ಸಿಗುತ್ತದೆ. ಸಂಬಳ ಜಾಸ್ತಿ ಆದಂತೆ ಸಿಗುವ ಪಾಲು ಇಳಿಯುತ್ತದೆ. ನನಗೆ ಇದು ಸರಿ ಅನಿಸುತ್ತದೆ.

ದೊಡ್ಡ ಕಂಪನಿಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಹಿಂದಿನ ಒಂದು ವರ್ಷದಲ್ಲಿ ರಾಜ್ಯದೊಳಗೆ 820 ಗಂಟೆ ಕೆಲಸ ಮಾಡಿರಬೇಕು, ಅಷ್ಟೇ. ವಾರಕ್ಕೆ 16 ಗಂಟೆ ಮಾಡಿದರೂ ಸಾಕಾಗುತ್ತದೆ. ಎರಡು ಮೂರು ಕಡೆ ಪಾರ್ಟ್ ಟೈಮ್ ಮಾಡಿದ್ದರೆ ಗಂಟೆಗಳನ್ನೆಲ್ಲ ಕೂಡಿಸುತ್ತಾರೆ. ಡೇ ಕೇರ್‌ನಲ್ಲಿ, ಸ್ಕೂಲ್ ಕ್ಯಾಂಟೀನ್‌ನಲ್ಲಿ, ಇಂಡಿಯನ್ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳು ಇದನ್ನು ಕೇಳಿಸಿಕೊಳ್ಳಲಿ ಅಂತ ನನ್ನ ಆಸೆ. ಸಿಟಿಜನ್ ಆಗಿರಬೇಕು ಅಂತಲೂ ಇಲ್ಲ. ಎಚ್‌-1ಬಿ ಇದ್ದವರಿಗೂ ಸಿಗುತ್ತದೆ. ಹೊರಡುವ ಮುಂಚೆ ವೀಸಾ ಸ್ಟಾಂಪಿಂಗ್ ಬಗ್ಗೆ ಮಾತ್ರ ಕಂಪನಿಯ ಲಾಯರ್ ಹತ್ತಿರ ಮಾತಾಡಿ.

ಎಲ್ಲಕ್ಕಿಂತ ಮುಖ್ಯವಾದ ಕಾಗದ ಡಾಕ್ಟರ್ ಸರ್ಟಿಫಿಕೇಟ್. ಅಮ್ಮನಿಗೆ ಆಪರೇಷನ್ ಮಾಡಿದ ಡಾಕ್ಟರ್ ಮುಂದೆ ಆ ಫಾರಂ ಇಟ್ಟಾಗ ಅವರು ಕನ್ನಡಕ ಸರಿ ಮಾಡಿಕೊಂಡು ತಿರುವಿ ತಿರುವಿ ನೋಡಿದರು.

"ಅಲ್ಲಮ್ಮಾ, ಇಲ್ಲಿ ಅಮ್ಮನಿಗೆ ಆಪರೇಷನ್ ಆದರೆ ಅಲ್ಲಿಯವರು ನಿಮಗೆ ದುಡ್ಡು ಕೊಡುತ್ತಾರಾ?"

"ಹೌದು ಸರ್. ನಮ್ಮ ಸಂಬಳದಿಂದ ಕಟ್ಟಿರುತ್ತೇವೆ."

"ಒಳ್ಳೇದಾಯ್ತು ಬಿಡಿ," ಅಂತ ಹೇಳಿ ಪೆನ್ ತೆಗೆದರು. ಲೈಸೆನ್ಸ್ ನಂಬರ್ ಕೇಳಿದ ಕಡೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಬರೆದರು. ಆಸ್ಪತ್ರೆಯ ಸೀಲ್ ಒತ್ತಿದರು. ತಾರೀಖಿನ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ನಾವು ಆಗಸ್ಟ್ 3ನ್ನು 3/8 ಅಂತ ಬರೆಯುತ್ತೇವೆ. ಅಮೆರಿಕದವರು ಅದನ್ನು ಮಾರ್ಚ್ 8 ಅಂತ ಓದುತ್ತಾರೆ. ತಿಂಗಳನ್ನು ಅಕ್ಷರದಲ್ಲಿ ಬರೆದುಕೊಡಿ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಎಷ್ಟು ದಿನ ಆರೈಕೆ ಬೇಕು ಅನ್ನುವ ಜಾಗ ಖಾಲಿ ಬಿಡಬಾರದು. ಅದನ್ನು ನೋಡಿಕೊಂಡೇ ರಜೆ ಮಂಜೂರು ಮಾಡುತ್ತಾರೆ.

ಮೊದಲೇ ಗೊತ್ತಿರುವ ಆಪರೇಷನ್ ಆದರೆ ಕಂಪನಿಗೆ 30 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು. ಬಿದ್ದು ಪೆಟ್ಟಾದರೆ, ಹಾರ್ಟ್ ಅಟ್ಯಾಕ್ ಆದರೆ, ಆದಷ್ಟು ಬೇಗ ಒಂದು ಇಮೇಲ್ ಹಾಕಿ. ಅರ್ಜಿ ಹೋಗುವುದು ಕಂಪನಿಗಲ್ಲ, ರಾಜ್ಯದ ಎಂಪ್ಲಾಯ್‌ಮೆಂಟ್ ಸೆಕ್ಯುರಿಟಿ ಡಿಪಾರ್ಟ್‌ಮೆಂಟ್‌ಗೆ. ಮೊದಲು ನಿಮ್ಮ ವೆಕೇಶನ್ ಮುಗಿಸಿ, ಆಮೇಲೆ ಇದು ಅಂತ ಕಂಪನಿ ಒತ್ತಾಯ ಮಾಡುವ ಹಾಗಿಲ್ಲ.

ಮಂಜೂರಾದ ಮೇಲೆ ದುಡ್ಡು ತಾನಾಗಿಯೇ ಬರುವುದಿಲ್ಲ. ಪ್ರತಿ ವಾರ ಕ್ಲೈಮ್ ಹಾಕಬೇಕು. ಈ ವಾರ ಎಷ್ಟು ಗಂಟೆ ರಜೆ, ಏನಾದರೂ ಕೆಲಸ ಮಾಡಿದಿರಾ, ಅಂತ ಕೇಳುತ್ತಾರೆ. ವಾರ ಮುಗಿಯುವುದು ಶನಿವಾರ ಮಧ್ಯರಾತ್ರಿ. ಬೇಸಿಗೆಯಲ್ಲಿ ಆಗ ಹಾಸನದಲ್ಲಿ ಭಾನುವಾರ ಮಧ್ಯಾಹ್ನ ಹನ್ನೆರಡೂವರೆ. ಅಮ್ಮನಿಗೆ ಊಟ ಕೊಟ್ಟು, ಮಾತ್ರೆ ಕೊಟ್ಟು, ಅವರು ಮಲಗಿದ ಮೇಲೆ ನಾನು ಫೋನ್ ಹಿಡಿದು ಕೂರುತ್ತಿದ್ದೆ. ಮೊದಲ ವಾರ ದುಡ್ಡು ಬರುವುದಿಲ್ಲ, ಅದು ವೇಟಿಂಗ್ ವೀಕ್. ಆದರೂ ಆ ವಾರದ ಕ್ಲೈಮ್ ಹಾಕಲೇಬೇಕು. ನಿಮ್ಮ ಅಮೆರಿಕ ನಂಬರಿಗೆ ಇಂಡಿಯಾದಲ್ಲೂ ಮೆಸೇಜ್ ಬರುವಂತೆ ಹೊರಡುವ ಮೊದಲೇ ನೋಡಿಕೊಳ್ಳಿ. ಲಾಗಿನ್ ಕೋಡ್ ಬರದಿದ್ದರೆ ಪೇಚಾಟ.

ಫ್ಯಾಮಿಲಿ ಲೀವ್ ವರ್ಷಕ್ಕೆ 12 ವಾರದವರೆಗೆ. ಒಟ್ಟಿಗೇ ಮುಗಿಸಬೇಕಿಲ್ಲ. ಅತ್ತೆ ಮಾವನೂ ಕುಟುಂಬದ ಲೆಕ್ಕಕ್ಕೆ ಬರುತ್ತಾರೆ. ಗಂಡನಿಗೆ ಬೇರೆ 12 ವಾರ, ಹೆಂಡತಿಗೆ ಬೇರೆ. ನಮ್ಮ ಮನೆಯಲ್ಲಿ ಮೊದಲು ನಾನು ಹೋದೆ. ನಾನು ವಾಪಸ್ ಬಂದ ಮೇಲೆ ನನ್ನ ಗಂಡ ತಮ್ಮ ರಜೆ ಹಾಕಿ ಅತ್ತೆಯ ಹತ್ತಿರ ಹೋದರು. ಅಳಿಯನ ಕೈಲಿ ಸೇವೆ ಮಾಡಿಸಿಕೊಳ್ಳುವುದಾ ಅಂತ ಅಮ್ಮ ಎರಡು ದಿನ ಸಂಕೋಚಪಟ್ಟರು. ಆಮೇಲೆ ಅವರ ಕೈಹಿಡಿದೇ ಗೇಟಿನವರೆಗೆ ನಡೆದರು. ಆ ವಿಡಿಯೋ ನನ್ನ ಫೋನ್‌ನಲ್ಲಿದೆ. ಅಮ್ಮ ಬೇಡ ಅಂದಿದ್ದಾರೆ, ಅದಕ್ಕೆ ಇಲ್ಲಿ ಹಾಕುತ್ತಿಲ್ಲ.

ವಾಪಸ್ ಬಂದರೆ ಕೆಲಸ ಇರುತ್ತದಾ? ನನ್ನನ್ನು ಜಾಸ್ತಿ ಜನ ಕೇಳುವ ಪ್ರಶ್ನೆ ಇದು. 2025ರ ಕೊನೆಯವರೆಗೆ 50ಕ್ಕಿಂತ ಕಡಿಮೆ ಜನ ಇರುವ ಕಂಪನಿಯಲ್ಲಿ ಈ ಯೋಜನೆಯಿಂದ ಕೆಲಸಕ್ಕೆ ರಕ್ಷಣೆ ಇರಲಿಲ್ಲ. 2026ರ ಜನವರಿಯಿಂದ 25 ಜನ ಇದ್ದರೂ ಸಾಕು, ನೀವು ಅಲ್ಲಿ 180 ದಿನ ಕೆಲಸದಲ್ಲಿದ್ದಿರಬೇಕು. 2027ರಲ್ಲಿ ಆ 25 ಅನ್ನುವುದು 15ಕ್ಕೆ, 2028ರಲ್ಲಿ 8ಕ್ಕೆ ಇಳಿಯುತ್ತದೆ. ಚಿಕ್ಕ ಅಂಗಡಿಗಳಲ್ಲಿ ದುಡಿಯುವವರಿಗೆ ಇದು ದೊಡ್ಡ ವಿಷಯ.

ಒಂದು ಕೊರತೆ ಹೇಳಲೇಬೇಕು. ಅಪ್ಪನೋ ಅಮ್ಮನೋ ತೀರಿಕೊಂಡರೆ, ಕಾರ್ಯ ಮುಗಿಸಿಕೊಂಡು ಬರಲು ಈ ರಜೆ ಸಿಗುವುದಿಲ್ಲ. ಮಗುವನ್ನು ಕಳೆದುಕೊಂಡ ತಂದೆ ತಾಯಿಗೆ ಮಾತ್ರ ಕೆಲವು ಸಂದರ್ಭಗಳಲ್ಲಿ 7 ದಿನ ಇದೆ. ಸಾವಿನ ಮನೆಯಲ್ಲಿ ಲ್ಯಾಪ್‌ಟಾಪ್ ತೆಗೆದು ಮೀಟಿಂಗ್‌ಗೆ ಕೂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ಬದಲಾಗಲೇಬೇಕು. ಇಲ್ಲಿ ವೋಟು ಇರುವವರು ನಿಮ್ಮ ಭಾಗದ ಶಾಸಕರಿಗೆ ಬರೆಯಿರಿ. ನಾನೂ ಬರೆದಿದ್ದೇನೆ.

ಹಾಗೆಯೇ, ಅಪ್ಪ ಅಮ್ಮ ಆರೋಗ್ಯವಾಗಿದ್ದಾಗ ಸುಮ್ನೆ ಊರಿಗೆ ಹೋಗಿ ಬರುವುದಕ್ಕೆ ಇದನ್ನು ದಯವಿಟ್ಟು ಬಳಸಬೇಡಿ. ಎಲ್ಲರ ಸಂಬಳದಿಂದ ಬಂದ ದುಡ್ಡು ಅದು.

ಮುಂದಿನ ವಿಡಿಯೋದಲ್ಲಿ ಖಾಲಿ ಫಾರಂ ಒಂದನ್ನು ಇಟ್ಟುಕೊಂಡು, ಡಾಕ್ಟರ್ ತುಂಬುವ ಭಾಗ ಯಾವುದು, ನಾವು ತುಂಬುವ ಭಾಗ ಯಾವುದು ಅಂತ ಒಂದೊಂದಾಗಿ ತೋರಿಸುತ್ತೇನೆ. ಊರಿಗೆ ಹೊರಡುವ ಗಡಿಬಿಡಿಯಲ್ಲಿ ಯಾರಾದರೂ ಇದ್ದರೆ ಅಲ್ಲಿಯವರೆಗೆ ಕಾಯಬೇಡಿ. ಡಾಕ್ಟರ್ ಸರ್ಟಿಫಿಕೇಟ್ ಫಾರಂ ಪ್ರಿಂಟ್ ಮಾಡಿ ಸೂಟ್‌ಕೇಸ್‌ನಲ್ಲಿ ಹಾಕಿಕೊಂಡು ಹೊರಡಿ.