ಮನೆ ನಿಮ್ಮದು, ನೆಲ ಡ್ಯೂಕ್‌ದು: ಮೇಫೇರ್, ಬೆಲ್‌ಗ್ರೇವಿಯಾ ಕಥೆ

[ತೆರೆ ಮೇಲೆ: ಬೆಲ್‌ಗ್ರೇವಿಯಾದ ಬಿಳಿ ಮನೆಗಳ ಸಾಲು]

ಲಂಡನ್ನಿನ ಈ ಬೀದಿಯಲ್ಲಿ ಮನೆ ಬೇಕಂದ್ರೆ ಹತ್ತಾರು ಕೋಟಿ ಸುರಿಯಬೇಕು. ಅಷ್ಟು ಸುರಿದ ಮೇಲೂ ಎಷ್ಟೋ ಮನೆಗಳ ಕೆಳಗಿನ ನೆಲ ಕೊಂಡವರದಲ್ಲ. ಅದು ಗ್ರೋವ್‌ನರ್ ಮನೆತನದ್ದು.

ಶುರುವಾಗಿದ್ದು ಒಂದು ಬಾಲ್ಯವಿವಾಹದಿಂದ. ಹೌದು, ಇಂಗ್ಲೆಂಡಿನಲ್ಲೇ! 1677ರಲ್ಲಿ ಚೆಷೈರ್‌ನ ಜಮೀನ್ದಾರ ಸರ್ ಥಾಮಸ್ ಗ್ರೋವ್‌ನರ್‌ಗೆ 21 ವರ್ಷ, ಹುಡುಗಿ ಮೇರಿ ಡೇವಿಸ್‌ಗೆ ಬರೀ 12. ಅವಳು ಕೂಸಾಗಿದ್ದಾಗಲೇ ಅಪ್ಪ ಪ್ಲೇಗಿನಲ್ಲಿ ತೀರಿಹೋಗಿ, ಲಂಡನ್ನಿನ ಪಶ್ಚಿಮಕ್ಕಿದ್ದ ಸುಮಾರು 500 ಎಕರೆಗೆ ವಾರಸುದಾರಳಾಗಿದ್ದಳು. ಹುಲ್ಲುಗಾವಲು, ಜೌಗು, ಒಂದಿಷ್ಟು ತೋಟ.

ಊರು ಬೆಳೆದು ಆ ಹೊಲಗಳ ಅಂಚಿಗೆ ಬಂತು. 1720ರ ದಶಕದಲ್ಲಿ ಮಗ ಸರ್ ರಿಚರ್ಡ್ ಮೇಫೇರ್ ಕಡೆ ಲೇಔಟ್ ಹಾಕಿದ. ನಮ್ಮ ಕಡೆಯಾಗಿದ್ದರೆ ಸೈಟು ಮಾರಿ ಕೈತೊಳೆದುಕೊಳ್ಳುತ್ತಿದ್ದರು, ಅಲ್ವಾ? ಇವನು ಮಾರಲೇ ಇಲ್ಲ. ನೆಲವನ್ನು ವರ್ಷಗಟ್ಟಲೆ ಗುತ್ತಿಗೆಗೆ ಕೊಟ್ಟ, 99 ವರ್ಷ ಅಂತಿಟ್ಟುಕೊಳ್ಳಿ. ಮೇಸ್ತ್ರಿ ತನ್ನ ದುಡ್ಡಲ್ಲೇ ಮನೆ ಕಟ್ಟಬೇಕು, ನೆಲಕ್ಕೆ ಚಿಕ್ಕ ಬಾಡಿಗೆ ಕೊಡಬೇಕು, ಅವಧಿ ಮುಗಿದ ದಿನ ನೆಲದ ಜೊತೆ ಮನೆಯೂ ಗ್ರೋವ್‌ನರ್‌ಗೇ ವಾಪಸ್. ನಮ್ಮ ಭೋಗ್ಯದಲ್ಲಿ ದುಡ್ಡಾದರೂ ಕೈಗೆ ಬರುತ್ತೆ, ಇಲ್ಲಿ ಮನೆಯೇ ಹೋಗುತ್ತೆ. ದುಡ್ಡು ಹಾಕಿದವನು ಒಬ್ಬ, ಫಲ ಉಂಡದ್ದು ಜಮೀನ್ದಾರನ ಮರಿಮಗ.

[ತೆರೆ ಮೇಲೆ: ಹಳೇ ನಕ್ಷೆ, ಫೈವ್ ಫೀಲ್ಡ್ಸ್]

ಬೆಲ್‌ಗ್ರೇವಿಯಾ ನನಗೆ ಇನ್ನೂ ಇಷ್ಟದ ಕಥೆ. ಅದು ಫೈವ್ ಫೀಲ್ಡ್ಸ್ ಅನ್ನೋ ಕೆಸರು ಬಯಲು. 1820ರ ದಶಕದಲ್ಲಿ ಅಲ್ಲಿ ಕೈಹಾಕಿದವನು ಥಾಮಸ್ ಕ್ಯೂಬಿಟ್, ಬಡಗಿಯ ಮಗ, ಹಡಗಿನ ಬಡಗಿಯಾಗಿ ಭಾರತಕ್ಕೂ ಬಂದುಹೋಗಿ ಆ ಸಂಪಾದನೆಯಲ್ಲಿ ಕಸುಬು ಹೂಡಿದ್ದವನು. ಮೇಲಿನ ಜೇಡಿಮಣ್ಣು ತೆಗೆಸಿ ಅದರಲ್ಲೇ ಇಟ್ಟಿಗೆ ಸುಟ್ಟ. ತಗ್ಗು ತುಂಬಿಸಲು ಸೇಂಟ್ ಕ್ಯಾಥರೀನ್ ಡಾಕ್ ಅನ್ನೋ ಹಡಗುಕಟ್ಟೆಗಾಗಿ ಅಗೆದ ಮಣ್ಣು ತರಿಸಿದ. ಪಕ್ಕದಲ್ಲೇ ಬಕಿಂಗ್‌ಹ್ಯಾಮ್ ಅರಮನೆ ಎದ್ದು ನಿಲ್ಲುತ್ತಿತ್ತು. ರಾಜನ ನೆರೆಮನೆ ಯಾರಿಗೆ ಬೇಡ? ಅಂದಹಾಗೆ ಬೆಲ್‌ಗ್ರೇವ್ ಅನ್ನೋದು ಈ ಮನೆತನದ ಜಮೀನಿದ್ದ ಚೆಷೈರ್‌ನ ಒಂದು ಪುಟ್ಟ ಹಳ್ಳಿ.

1874ರಲ್ಲಿ ಮನೆತನಕ್ಕೆ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಪದವಿಯೂ ಬಂತು.

ಅಲುಗಾಡಿಸಿದ್ದು 1967ರ ಕಾನೂನು. ದೀರ್ಘ ಗುತ್ತಿಗೆಯ ಮನೆಯಲ್ಲಿ ಇರುವವರು ನೆಲವನ್ನೂ ಕೊಳ್ಳಬಹುದು ಅಂತು. ಬೆಲ್‌ಗ್ರೇವಿಯಾದ ಸುಮಾರು 80 ಮನೆ ಹೀಗೆ ಕೈತಪ್ಪಿದವು. ಡ್ಯೂಕ್ ಕಡೆಯವರು ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋಗಿ 1986ರಲ್ಲಿ ಸೋತರು. 1993ರಲ್ಲಿ ಇಂಥದ್ದೇ ಹಕ್ಕು ಫ್ಲ್ಯಾಟ್‌ಗಳಿಗೂ ಬಂದಾಗ ಡ್ಯೂಕ್ ಸಿಟ್ಟಿನಿಂದ ಆ ಕಾನೂನು ತಂದ ತನ್ನದೇ ಕನ್ಸರ್ವೇಟಿವ್ ಪಕ್ಷವನ್ನು ಬಿಟ್ಟ.

ಇಷ್ಟೆಲ್ಲ ಆದಮೇಲೂ ಮೇಫೇರ್, ಬೆಲ್‌ಗ್ರೇವಿಯಾ ಸೇರಿ ಸುಮಾರು 300 ಎಕರೆ ಇನ್ನೂ ಅವರ ಕೈಯಲ್ಲೇ ಇದೆ.