ಕಾಲಿನ ಗಾಯಕ್ಕೆ ವ್ಯಾಕ್ ಮೆಷಿನ್ ಬೇಕೇ ಬೇಕಾ?

ಕೇಳುಗರಿಗೆ ನಮಸ್ಕಾರ. ಬೈಕಿನಿಂದ ಬಿದ್ದು ಕಾಲಿನ ಮೂಳೆ ಮುರಿದು, ಚರ್ಮ ಹರಿದು ಮೂಳೆಯೇ ಕಾಣುವಂಥ ಗಾಯವಾದಾಗ ಡಾಕ್ಟರು ಎಷ್ಟೋ ಸಲ "ವ್ಯಾಕ್ ಹಾಕೋಣ" ಅನ್ನುತ್ತಾರೆ. ವ್ಯಾಕ್ ಅಂದರೆ ಗಾಯದ ನೀರನ್ನು ಪಂಪಿನಿಂದ ಎಳೆದು ತೆಗೆಯುವ ಪಟ್ಟಿ. ಖರ್ಚು ಜಾಸ್ತಿ. ಅದಿಲ್ಲದಿದ್ದರೆ ಕಾಲೇ ಹೋಗುತ್ತೇನೋ ಅಂತ ಮನೆಯವರು ಸಾಲಕ್ಕೆ ಓಡಾಡುತ್ತಾರೆ. ಅವರಿಗಾಗಿಯೇ ಈ ಮಾತು.

ಗಾಯವನ್ನು ಚೆನ್ನಾಗಿ ತೊಳೆದ ಮೇಲೆ, ಅದರ ಆಕಾರಕ್ಕೆ ಕತ್ತರಿಸಿದ ಸ್ಪಂಜನ್ನು ಒಳಗಿಟ್ಟು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರಲ್ಲೊಂದು ಸಣ್ಣ ತೂತು ಮಾಡಿ ಪೈಪು ಜೋಡಿಸುತ್ತಾರೆ. ಪಂಪು ಹಾಕಿದ ಕೂಡಲೇ ಸ್ಪಂಜು ಒಣದ್ರಾಕ್ಷಿಯ ಹಾಗೆ ಸುಕ್ಕಾಗಿ ಬಿಗಿಯುತ್ತದೆ. ಸಾಮಾನ್ಯವಾಗಿ 125 ಮಿಲಿಮೀಟರ್ ಪಾದರಸದಷ್ಟು (ಬಿಪಿ ಅಳೆಯುವ ಅದೇ ಅಳತೆ) ಎಳೆತ. ಗಾಯದ ನೀರು ಪೈಪಿನಲ್ಲಿ ಹರಿದು ಡಬ್ಬಿ ಸೇರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಸ್ಪಂಜು ಬದಲಿಸಿದರೆ ಸಾಕು, ದಿನಾ ಪಟ್ಟಿ ಬಿಚ್ಚುವ ನೋವು ತಪ್ಪುತ್ತದೆ. ಇದು ನಿಜವಾದ ಅನುಕೂಲವೇ.

ಆದರೆ ಕಾಲು ಉಳಿಸುವುದು ಇದೇನಾ? ಬ್ರಿಟನ್ನಿನ 24 ದೊಡ್ಡ ಆಸ್ಪತ್ರೆಗಳಲ್ಲಿ ಇಂಥದೇ ಗಾಯವಾಗಿ, ಮೊದಲ ಆಪರೇಷನ್ನಿನಲ್ಲಿ ಗಾಯ ಮುಚ್ಚಲಾಗದ 460 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವ್ಯಾಕ್, ಇನ್ನೊಂದಕ್ಕೆ ಮಾಮೂಲಿ ಪಟ್ಟಿ ಹಾಕಿ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಮೊದಲ 30 ದಿನದಲ್ಲಿ ಆಳದ ಸೋಂಕು ವ್ಯಾಕ್ ಗುಂಪಿನಲ್ಲಿ ಶೇಕಡಾ 7.1, ಮಾಮೂಲಿ ಪಟ್ಟಿಯಲ್ಲಿ 8.1. ವರ್ಷದ ನಂತರ ಓಡಾಟ, ಕೆಲಸ ಮಾಡುವ ಶಕ್ತಿಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಈ ಮೆಷಿನ್ ಇಲ್ಲ ಅಂತ ಎದೆಗುಂದಬೇಡಿ.

ಇದಕ್ಕಿಂತ ಮುಖ್ಯವಾದ ಪ್ರಶ್ನೆಗಳಿವೆ, ಅವನ್ನು ಕೇಳಿ. ಆಂಟಿಬಯಾಟಿಕ್ ಕೊಟ್ಟಾಯ್ತಾ? ಪೆಟ್ಟಾದ ಒಂದು ಗಂಟೆಯೊಳಗೇ ಕೊಟ್ಟರೆ ಒಳ್ಳೆಯದು. ಮಣ್ಣು, ಕಲ್ಲು, ಸತ್ತ ಮಾಂಸ ಎಲ್ಲ ತೆಗೆದು ಆಪರೇಷನ್ ಥಿಯೇಟರಿನಲ್ಲಿ ಸ್ವಚ್ಛ ಮಾಡಿದರಾ? ಮೂಳೆಯ ಮೇಲೆ ಮಾಂಸ, ಚರ್ಮ ಮುಚ್ಚುವ ಪ್ಲಾಸ್ಟಿಕ್ ಸರ್ಜರಿ ಯಾವಾಗ? ಬ್ರಿಟನ್ನಿನಲ್ಲಿ ಇದಕ್ಕೆ 72 ಗಂಟೆಯ ಗುರಿ ಇಟ್ಟುಕೊಂಡಿದ್ದಾರೆ. ವ್ಯಾಕ್ ಇದೆಯಲ್ಲ ಅಂತ ಆ ಸರ್ಜರಿಯನ್ನು ಸುಮ್ನೆ ಮುಂದೂಡುವುದು ನನಗಂತೂ ಸರಿ ಕಾಣುವುದಿಲ್ಲ. ಬೇರೆ ಊರಿಗೆ ಕಳಿಸಬೇಕಾದರೆ ಬೇಗ ಕಳಿಸಲಿ.

ಈಗಾಗಲೇ ವ್ಯಾಕ್ ಹಾಕಿದ್ದರೆ, ಪಕ್ಕದಲ್ಲಿ ಕೂತವರು ಪೈಪಿನ ಮೇಲೆ ಕಣ್ಣಿಡಿ. ಕೆಂಪು ರಕ್ತ ಒಂದೇ ಸಮನೆ ಬರತೊಡಗಿದರೆ ಪಂಪು ನಿಲ್ಲಿಸಿ, ತಕ್ಷಣ ಸಿಸ್ಟರನ್ನು ಕೂಗಿ. ಸುಯ್ ಅಂತ ಸದ್ದು ಬಂದರೆ ಹಾಳೆ ಎಲ್ಲೋ ಬಿಟ್ಟಿದೆ, ಗಾಳಿ ಸೋರುತ್ತಿದೆ. ಬ್ಯಾಟರಿ ಮುಗಿದು ಪಂಪು ನಿಂತರೂ ಹೇಳಿ, ಎರಡು ಗಂಟೆಗಿಂತ ಜಾಸ್ತಿ ನಿಂತರೆ ಆ ಸ್ಪಂಜನ್ನು ತೆಗೆಯಬೇಕಾಗುತ್ತದೆ.